ಸೋಫಾ ಕೋಣೆಯ ಟೀವಿ

ಸೋಮವಾರ, ಸಂಜೆ

ಪ್ರೀತಿಯ ಅಮ್ಮನಿಗೆ,

ಕ್ಷೇಮಸಮಾಚಾರವೆಲ್ಲ ಆಮೇಲೆ. ಮೊದಲು ನೀನು ಎಲ್ಲಿದ್ದೀಯೋ ಅಲ್ಲೇ ಕೂತುಕೋ, ಕನ್ನಡಕ ಹಾಕಿಕೋ, ಪೂರ್ತಿ ಓದಿ ಮುಗಿಸುವ ತನಕ ಇದನ್ನು ಅಣ್ಣನ ಕೈಗೆ ಕೊಡಬೇಡ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನನ್ನ ದನಿ ಸ್ವಲ್ಪ ಏರಿದರೆ ಸಾಕು, "ಹೋಗ್ಲಿ ಬಿಡು, ಊಟ ಆಯ್ತಾ?" ಎಂದು ಮಾತು ತಿರುಗಿಸಿ ಇಟ್ಟುಬಿಡುತ್ತೀಯ. ಪತ್ರದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ಇವತ್ತು ನನಗೆ ಆ ಅನುಕೂಲ ಬೇಕೇ ಬೇಕು.

ವಿಷಯ ಇಷ್ಟು. ನಿನ್ನ ಕಣ್ಣಿಗೂ ಕೈಗೂ ಏನೂ ಆಗಿಲ್ಲ. ಬೇಸಿಗೆಯಲ್ಲಿ ನಮ್ಮ ಪ್ರಯೋಗಾಲಯದಲ್ಲಿ ನಡೆದ ಪರೀಕ್ಷೆಯಲ್ಲಿ ತಡ ಮಾಡಿದ್ದು ಸೋಫಾ ಕೋಣೆಯ ಆ ದೊಡ್ಡ ಟೀವಿ. ಅದರ ತಡವನ್ನೆಲ್ಲ ತಂದು ನಿನ್ನ ತಲೆಗೆ ಕಟ್ಟಿದ್ದಾರೆ, ಅದನ್ನು ನಂಬಿ ನೀನು ಕಾರಿನ ಕೀ ಬಿಟ್ಟುಕೊಟ್ಟಿದ್ದೀಯ. ಇದು ಗೊತ್ತಾದಾಗಿನಿಂದ ನನ್ನ ಮೈಯೆಲ್ಲ ಉರಿಯುತ್ತಿದೆ.

ಮೊದಲಿನಿಂದ ಹೇಳುತ್ತೇನೆ. ನಾಳೆ ಅಣ್ಣನ ಮುಂದೆ ನೀನು ವಾದ ಮಾಡಬೇಕಾಗಿ ಬಂದರೆ ಎಲ್ಲೂ ತಡವರಿಸಬಾರದು. ಅರವತ್ತು ದಾಟಿದವರು ಬೇಕು ಎಂದು ನಾನು ಊರೆಲ್ಲ ಅಲೆಯುತ್ತಿದ್ದಾಗ ನಿನ್ನ ಬೆಳಗಿನ ವಾಕಿಂಗ್ ಗುಂಪನ್ನು ಕಟ್ಟಿಕೊಂಡು ಬಂದವಳು ನೀನು. ನಿವೃತ್ತ ನರ್ಸಮ್ಮ, ಟೈಲರಮ್ಮ, ಅವರ ಹಿಂದೆ ಉಳಿದವರು. ನಿಮ್ಮ ಕೆಲಸ ಸುಲಭದ್ದು. ಕಪ್ಪು ಪರದೆಯ ನಡುವೆ ಒಂದು ಬಿಳಿ ಬೊಟ್ಟು ಮೂಡುತ್ತದೆ, ಕಂಡ ತಕ್ಷಣ ಗುಂಡಿ ಒತ್ತಬೇಕು. ಬೊಟ್ಟು ಮೂಡಿದ ಹೊತ್ತಿನಿಂದ ಗುಂಡಿ ಒತ್ತಿದ ಹೊತ್ತಿನವರೆಗೆ ಎಷ್ಟು ಸಮಯವಾಯಿತು ಎಂದು ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ. ಕಾಲೇಜಿನ ಹುಡುಗ ಹುಡುಗಿಯರಿಗೂ ಇದೇ ಪರೀಕ್ಷೆ. ಅವರು ಕೂತದ್ದು ಕತ್ತಲೆ ಕೋಣೆಯ ಹಳೆಯ ಸಣ್ಣ ಪರದೆಯ ಮುಂದೆ, ನೀವು ಕೂತದ್ದು ಸೋಫಾ ಕೋಣೆಯಲ್ಲಿ, ಗೋಡೆಯ ಮೇಲಿನ ದೊಡ್ಡ ಟೀವಿಯ ಮುಂದೆ. ಕೂರಲು ಅನುಕೂಲವಾಗಲಿ ಎಂದು ಯಾರೋ ಕೇಳಿದರು, ಅವಸರದಲ್ಲಿ ಏರ್ಪಾಡಾಯಿತು, ಅದನ್ನು ಈಗ ಕೆದಕಿ ಉಪಯೋಗವಿಲ್ಲ.

ಲೆಕ್ಕ ನೋಡಿದರೆ ಹಿರಿಯರೆಲ್ಲ ಕಿರಿಯರಿಗಿಂತ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹಿಂದೆ. ಕೇಳಿದರೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ನಮ್ಮ ಮುಖ್ಯಸ್ಥರಿದ್ದಾರಲ್ಲ, ನಾವೆಲ್ಲ ಮೇಷ್ಟ್ರು ಅನ್ನುವವರು, ಅವರು ಅದನ್ನು ಏನು ಮಾಡಿದರು ಎಂಬುದನ್ನು ನೀನೇ ಮುಂದಿನ ಸಾಲಿನಲ್ಲಿ ಕೂತು ನೋಡಿದೆ. ಸಭೆ ಕರೆದರು, ಸ್ಲೈಡ್ ತೋರಿಸಿದರು. ಒಂದು ಕಾರು, ರಸ್ತೆಗೆ ಇಳಿದ ಒಂದು ಮಗು, ಎರಡರ ನಡುವೆ ಕೆಂಪು ಗೆರೆ. ಅಷ್ಟು ಹೊತ್ತಿನಲ್ಲಿ ಕಾರು ಇನ್ನೊಂದು ದೊಡ್ಡ ಹೆಜ್ಜೆಯಷ್ಟು ಮುಂದೆ ಹೋಗಿರುತ್ತದೆ ಎಂದು ಬೆರಳಿಟ್ಟು ತೋರಿಸಿದರು. ನಾನು ಹಿಂದೆ ನಿಂತು ನಿನ್ನ ಕುತ್ತಿಗೆಯನ್ನೇ ನೋಡುತ್ತಿದ್ದೆ. ಒಂದು ಸಲವೂ ಅದು ಆ ಕಡೆ ಈ ಕಡೆ ತಿರುಗಲಿಲ್ಲ. ಮನೆಗೆ ಹೋದವಳೇ ಕೀಯನ್ನು ಅಣ್ಣನ ಕೈಗೆ ಕೊಟ್ಟೆ, ಗೇಟಿನ ಮೇಲಿದ್ದ ಡ್ರೈವಿಂಗ್ ಶಾಲೆಯ ಬೋರ್ಡು ಇಳಿಸಿದೆ. ಅರ್ಧ ಕಲಿತಿದ್ದ ಹೆಂಗಸರನ್ನು ಬೇರೆ ಕಡೆ ಕಳಿಸಿದೆ. ನನಗೆ ಮಾತ್ರ ಫೋನಿನಲ್ಲಿ, "ಇನ್ನು ಆರಾಮಾಗಿರ್ತೀನಿ ಕಣೆ" ಅಂದೆ.

ಈಗ ಕೇಳು. ಹೋದ ವಾರ ಕತ್ತಲೆ ಕೋಣೆಯ ಏಸಿ ಕೆಟ್ಟಿತು. ಹೋದ ತಿಂಗಳೇ ಒಮ್ಮೆ ಪರೀಕ್ಷೆ ಮುಗಿಸಿ ಹೋಗಿದ್ದ ಹುಡುಗಿಯೊಬ್ಬಳು ಎರಡನೇ ಸುತ್ತಿಗೆ ಬಂದಿದ್ದಳು. ಶಟ್ಲ್ ಆಟಗಾರ್ತಿ, ನೊಣವನ್ನು ಗಾಳಿಯಲ್ಲೇ ಹಿಡಿಯುವಂಥ ಕೈ. ಸುಮ್ಮನೆ ವಾಪಸು ಕಳಿಸುವುದೇಕೆ ಎಂದು ಸೋಫಾ ಕೋಣೆಯಲ್ಲಿ ಕೂರಿಸಿದೆ. ಮುಗಿದ ಮೇಲೆ ನೋಡಿದರೆ ಅವಳ ಅಂಕಿ ಹೆಚ್ಚುಕಡಿಮೆ ನರ್ಸಮ್ಮನ ಪಕ್ಕದಲ್ಲಿ ಹೋಗಿ ಕೂತಿದೆ. ಅವಳು ನಕ್ಕು, "ನಂಗೂ ವಯಸ್ಸಾಗ್ಬಿಡ್ತಾ ಮೇಡಂ?" ಅಂದಳು. ನನಗೆ ನಗು ಬರಲಿಲ್ಲ.

ಅವಳನ್ನು ಕಳಿಸಿ ಬಾಗಿಲು ಹಾಕಿಕೊಂಡೆ. ಬೆಳಕು ಬಿದ್ದ ಕ್ಷಣವೇ ಸುದ್ದಿ ಕೊಡುವ ಒಂದು ಸೆನ್ಸರ್ ನಮ್ಮಲ್ಲಿದೆ, ಅಂಗಿಯ ಗುಂಡಿಯಷ್ಟಿರುತ್ತದೆ. ಅದನ್ನು ಟೀವಿಗೆ ಟೇಪು ಹಾಕಿ ಅಂಟಿಸಿದೆ. ಬೊಟ್ಟು ತೋರಿಸು ಎಂದು ಕಂಪ್ಯೂಟರಿಗೆ ಹೇಳಿದೆ. ತೋರಿಸಿದ್ದೇನೆ ಎಂದು ಕಂಪ್ಯೂಟರ್ ತಕ್ಷಣ ಬರೆದುಕೊಂಡಿತು. ಟೀವಿ ಇನ್ನೂ ಕಪ್ಪಗೇ ಇತ್ತು ಅಮ್ಮ. ಈ ಟೀವಿಗಳು ಬಂದ ಚಿತ್ರವನ್ನು ಬಂದ ಹಾಗೆ ತೋರಿಸುವುದಿಲ್ಲ. ಒಳಗೆ ಕೂರಿಸಿಕೊಂಡು, ಪೌಡರ್ ಹಚ್ಚಿ, ತಲೆ ಬಾಚಿ, ಚೆಂದ ಮಾಡಿ ಆಮೇಲೆ ಹೊರಗೆ ಕಳಿಸುತ್ತವೆ. ಸಿನಿಮಾ ನೋಡುವವರಿಗೆ ಇದರಿಂದ ಏನೂ ನಷ್ಟವಿಲ್ಲ, ಸದ್ದನ್ನೂ ಅಷ್ಟೇ ತಡಮಾಡಿ ಹೊಂದಿಸಿಕೊಳ್ಳುತ್ತವೆ. ನಮ್ಮ ಕೆಲಸದಲ್ಲಿ ಮಾತ್ರ ಆ ಅಲಂಕಾರದ ಹೊತ್ತೆಲ್ಲ ಎದುರಿಗೆ ಕೂತವರ ಲೆಕ್ಕಕ್ಕೆ ಬೀಳುತ್ತದೆ. ಎಷ್ಟು ಸಲ ಅಳೆದರೂ ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು. ಕತ್ತಲೆ ಕೋಣೆಯ ಪರದೆಗೆ ಅದೇ ಸೆನ್ಸರ್ ಅಂಟಿಸಿದರೆ ತಡ ಇದೆಯೋ ಇಲ್ಲವೋ ಅನ್ನುವಷ್ಟು ಕಡಿಮೆ.

ಅಂದರೆ ನೀವು ಬೊಟ್ಟು ಕಂಡ ಕೂಡಲೇ ಒತ್ತಿದ್ದಿರಿ. ಕಾಣುವ ಮೊದಲೇ ಒತ್ತಲಿಲ್ಲ ಎಂಬುದು ನಿಮ್ಮ ಅಪರಾಧ.

ಯಾವ ಪರದೆಯಾದರೂ ಸರಿ, ಅದರ ಮುಂದೆ ಮೊದಲ ಮನುಷ್ಯ ಕೂರುವ ಮುಂಚೆ ಸೆನ್ಸರ್ ಅಂಟಿಸಿ ನೋಡಬೇಕು ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಟೀವಿ ಬಂದ ದಿನ ನಾನು ಅದನ್ನು ಕೇಳಿದ್ದೆ. ಮೇಷ್ಟ್ರು, "ಹೊಸಾ ಟೀವಿ ಕಣಮ್ಮ, ಅಷ್ಟು ದುಡ್ಡು ಕೊಟ್ಟಿದೀವಿ, ಅದನ್ನೇನು ಪರೀಕ್ಷೆ ಮಾಡ್ತೀರಿ" ಎಂದು ಆಚೆ ನಡೆದಿದ್ದರು. ಮನುಷ್ಯರನ್ನು ಅನುಮಾನಿಸಲು ಅವರಿಗೆ ಇಡೀ ಬೇಸಿಗೆ ಪುರುಸೊತ್ತಿತ್ತು. ಟೀವಿಯನ್ನು ಅನುಮಾನಿಸಲು ಅರ್ಧ ಗಂಟೆ ಇರಲಿಲ್ಲ.

ಮೊನ್ನೆ ಅಳತೆಗಳನ್ನೆಲ್ಲ ಹಿಡಿದು ಅವರ ಕೋಣೆಗೆ ಹೋದೆ. ಕೇಳಿಸಿಕೊಂಡರು, ಇಲ್ಲವೆನ್ನುವುದಿಲ್ಲ. ಕೊನೆಗೆ, "ಅಷ್ಟೇ ತಾನೆ? ಅಂದಾಜಿಗೆ ಒಂದಿಷ್ಟು ಕಳೆದುಬಿಡಿ" ಅಂದರು. ಹಾಗೆ ಕಳೆಯಲು ಬರುವುದಿಲ್ಲ ಎಂದೆ. ರಿಮೋಟಿನಲ್ಲಿ ಚಿತ್ರದ ಬಗೆ ಬದಲಾಯಿಸಿದರೆ ಟೀವಿಯ ತಡವೂ ಬದಲಾಗುತ್ತದೆ, ಬೇಸಿಗೆಯಿಂದೀಚೆಗೆ ಅದು ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಗಿದೆ, ನೀವೆಲ್ಲ ಕೂತ ದಿನ ಅದು ಎಷ್ಟು ಸೋಮಾರಿಯಾಗಿತ್ತು ಎಂದು ಈಗ ಹೇಳುವವರು ಯಾರೂ ಇಲ್ಲ. ಎಲ್ಲರನ್ನೂ ಮತ್ತೆ ಕರೆದು ಕತ್ತಲೆ ಕೋಣೆಯಲ್ಲಿ ಕೂರಿಸಬೇಕು, ಬೇರೆ ದಾರಿಯಿಲ್ಲ ಎಂದೆ. ಅದಕ್ಕವರು, "ಹಾಗಾದ್ರೆ ಇದ್ದ ಹಾಗೇ ಇರಲಿ, ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು ಹಾಕೋಣ. ವಯಸ್ಸಾದವರು ನಿಧಾನ ಅನ್ನೋದು ಎಲ್ರಿಗೂ ಗೊತ್ತಿರೋದೇ ಅಲ್ವಾ" ಅಂದರು.

ಗೊತ್ತಿರುವುದೇ ಆಗಿದ್ದರೆ ನಿಮ್ಮನ್ನು ಕರೆದದ್ದು ಏಕೆ? ಬಿಸಿಲಲ್ಲಿ ಬಸ್ಸು ಹತ್ತಿಸಿ, ಬೊಟ್ಟು ತೋರಿಸಿ, ಗುಂಡಿ ಒತ್ತಿಸಿ ದಣಿಸಿದ್ದು ಏಕೆ? ಇನ್ನೊಂದು ಮಾತು ನನ್ನನ್ನು ಕೊರೆಯುತ್ತಿದೆ. ಲೆಕ್ಕ ಉಲ್ಟಾ ಬಂದು, ಅಜ್ಜಿಯರೇ ಹುಡುಗರಿಗಿಂತ ಚುರುಕು ಎಂದಾಗಿದ್ದರೆ? ಆ ದಿನವೇ ಇಡೀ ಪ್ರಯೋಗಾಲಯವನ್ನು ಬಿಚ್ಚಿ ಹಾಕುತ್ತಿದ್ದರು, ವೈರು ವೈರು ಜಾಲಾಡುತ್ತಿದ್ದರು. ಬಂದದ್ದು ಅವರು ಮೊದಲೇ ನಂಬಿದ್ದ ಉತ್ತರ, ಆದ್ದರಿಂದ ಒಬ್ಬರೂ ಒಂದು ಸ್ಕ್ರೂ ಮುಟ್ಟಲಿಲ್ಲ. ಈ ಶುಕ್ರವಾರ ಅದೇ ವರದಿ ಲೈಸೆನ್ಸ್ ಸಮಿತಿಯ ಮುಂದೆ ಹೋಗುತ್ತದೆ. ಅರವತ್ತು ದಾಟಿದವರು ಡ್ರೈವಿಂಗ್ ಕಲಿಸಬಹುದೋ ಬೇಡವೋ ಎಂದು ಅವರು ತೀರ್ಮಾನಿಸುವುದು ಅದನ್ನು ನೋಡಿಕೊಂಡು. ಟೀವಿಯ ಸೋಮಾರಿತನ ನಾಳೆ ಕಾನೂನಾಗುತ್ತದೆ.

ಅಣ್ಣನಿಗೆ ಫೋನು ಮಾಡಿದೆ. "ಒಳ್ಳೇದೇ ಆಯ್ತಲ್ಲ, ಮನೇಲಿ ಇರ್ಲಿ ಬಿಡು" ಅಂದ. ಕಾರು ನೋಡಲು ಯಾರನ್ನೋ ಕರೆತಂದಿದ್ದನಂತೆ. ಯಾರ ಕಾರನ್ನು ಯಾರು ಮಾರುವುದು? ನಿನ್ನಿಂದಲೇ ಕಲಿತು, ಕಲಿತ ಮೇಲೂ ನಮ್ಮದೇ ಗೇಟಿಗೆ ಗುದ್ದಿದ ಮಹಾನುಭಾವ. ಆ ದಿನ ಅವನನ್ನು ಯಾರೂ ಪರೀಕ್ಷೆಗೆ ಕೂರಿಸಲಿಲ್ಲ.

ನಿನ್ನ ಮೇಲೂ ನನಗೆ ಕೋಪವಿದೆ, ಬರೆದೇಬಿಡುತ್ತೇನೆ. ಊರಿನ ಅರ್ಧ ಹೆಂಗಸರಿಗೆ ಸ್ಟೇರಿಂಗ್ ಹಿಡಿಯುವುದನ್ನು ಕಲಿಸಿದವಳು ನೀನು. ಬಾಗಿಲ ಸಂದಿಯಿಂದ ಚೆಂಡು ಉರುಳಿ ಬರುವ ಮೊದಲೇ "ನಿಧಾನ, ಅಲ್ಲಿ ಮಕ್ಕಳಿದಾರೆ" ಎಂದು ಹೇಳಿ ಆಗಿರುತ್ತಿತ್ತು. ನೋಪಾರ್ಕಿಂಗ್ ಚೀಟಿ ಹರಿದ ಪೊಲೀಸಿನವನ ಜೊತೆ ನಡುರಸ್ತೆಯಲ್ಲಿ ಜಗಳವಾಡಿ ಗೆದ್ದು ಬಂದವಳು. ಅಂಥವಳು ಒಂದು ಸ್ಲೈಡ್ ನೋಡಿ ಬಾಯಿಗೆ ಬೀಗ ಹಾಕಿಕೊಂಡುಬಿಟ್ಟೆಯಲ್ಲ. ಒಂದೇ ಒಂದು ಪ್ರಶ್ನೆ ಕೇಳಬಾರದಿತ್ತೇ? ನನ್ನ ಮುಖಕ್ಕೆ ಹೊಡೆದ ಹಾಗೆ ಕೇಳಬಾರದಿತ್ತೇ?

ಈಗ ಮಾಡಬೇಕಾದದ್ದು ಹೇಳುತ್ತೇನೆ. ಪ್ರಯೋಗಕ್ಕೆ ಬಂದವರು ತಮ್ಮ ಅಂಕಿಗಳನ್ನು ಯಾವಾಗ ಬೇಕಾದರೂ ವಾಪಸು ಪಡೆಯಬಹುದು, ಕಾರಣ ಹೇಳಬೇಕಾಗಿಲ್ಲ. ಆ ನಿಯಮವನ್ನು ಮೇಷ್ಟ್ರೂ ಮುರಿಯುವ ಹಾಗಿಲ್ಲ. ನೀವೆಲ್ಲ ಸೇರಿ ಗುರುವಾರದೊಳಗೆ ನಮ್ಮದು ಬೇಡ ಎಂದು ಬರೆದುಕೊಟ್ಟರೆ ಹಿರಿಯರ ಕಡೆಯ ಲೆಕ್ಕವೇ ಇರುವುದಿಲ್ಲ, ವರದಿ ಒಂಟಿಕಾಲಿನಲ್ಲಿ ನಿಲ್ಲಲಾರದು. ನರ್ಸಮ್ಮನಿಗೂ ಟೈಲರಮ್ಮನಿಗೂ ನೀನೇ ಹೇಳು. ನಾನು ಹೇಳಿದರೆ ಮಗಳು ತಾಯಿಯ ಪರ ನಿಂತಳು ಎಂದಾಗುತ್ತದೆ. ಬೇಗ ಬರೆ.

ನಿನ್ನ
ಸಿಡುಕಿ

ತಾ.ಕ.: ಕೆಲಸದ ಬಗ್ಗೆ ಕೇಳಬೇಡ. ಶುಕ್ರವಾರ ಕಳೆಯುವ ತನಕ ರಜೆಯಲ್ಲಿರಿ, ಆಮೇಲೆ ನೋಡೋಣ ಎಂದು ಮೇಷ್ಟ್ರು ನಗುನಗುತ್ತಲೇ ಹೇಳಿದ್ದಾರೆ. ನಾನು ರಜೆಯಲ್ಲಿದ್ದೇನೆ. ದಿನಾ ಬಂದು ಕತ್ತಲೆ ಕೋಣೆಯಲ್ಲಿ ಕೂತು ರಜೆ ಕಳೆಯುತ್ತಿದ್ದೇನೆ.

*

ಗುರುವಾರ, ಬೆಳಿಗ್ಗೆ

ನನ್ನ ಸಿಡುಕಿಗೆ,

ನಿನ್ನ ಪತ್ರ ನಿನ್ನೆ ಕೈ ಸೇರಿತು. ಕೂತುಕೊಂಡೇ ಓದಿದೆ, ಕನ್ನಡಕ ಹಾಕಿಕೊಂಡೇ ಓದಿದೆ. ಆಮೇಲೆ ನಿನ್ನ ಅಣ್ಣನನ್ನು ಎದುರಿಗೆ ಕೂರಿಸಿ ಗಟ್ಟಿಯಾಗಿ ಓದಿ ಹೇಳಿದೆ. ಗೇಟಿನ ವಿಷಯ ಬಂದಾಗ ಅವನ ಮುಖ ನೋಡಬೇಕಿತ್ತು. ಕಾರು ನೋಡಲು ಬಂದಿದ್ದವರಿಗೆ ಅಲ್ಲಿಂದಲೇ ಫೋನು ಮಾಡಿ ಬೇಡವೆಂದು ಹೇಳಿಸಿದ್ದೇನೆ. ಅವನ ಮೇಲೆ ಹೆಚ್ಚು ಹರಿಹಾಯಬೇಡ. ಅವನು ಹೆದರಿದ್ದ, ಅಷ್ಟೇ.

ನೀನು ಒಬ್ಬರನ್ನೂ ಬಿಟ್ಟಿಲ್ಲ. ಮೇಷ್ಟ್ರು, ಅಣ್ಣ, ಟೀವಿ, ನಾನು, ಎಲ್ಲರಿಗೂ ಸರದಿಯ ಪ್ರಕಾರ ಆಯಿತು. ಆದರೆ ನಡುವೆ ಒಂದು ಕಡೆ "ಯಾರೋ ಕೇಳಿದರು" ಎಂದು ಬರೆದು ಸುಮ್ಮನೆ ಮುಂದೆ ಹೋಗಿದ್ದೀಯ. ಆ ಯಾರೋ ನಾನು. ಮೊದಲ ದಿನ ನಿನ್ನ ಕತ್ತಲೆ ಕೋಣೆಯ ಸ್ಟೂಲಿನ ಮೇಲೆ ಕೂತು, "ನಮ್ಮನ್ನೇನು ಕಳ್ಳರ ಥರ ಕತ್ತಲೇಲಿ ಕೂರಿಸ್ತೀಯ, ಆ ಸೋಫಾ ಕೋಣೇಲಿ ದೊಡ್ಡದಾಗಿ ತೋರ್ಸೋಕೆ ನಿನಗೇನು ದಾಡಿ?" ಎಂದು ಎಲ್ಲರ ಮುಂದೆ ಕೇಳಿದ್ದೆ. ಪರದೆ ಬದಲಾಯಿಸುವುದು ಅಷ್ಟು ಸುಲಭವಲ್ಲ ಎಂದು ನೀನು ಏನೋ ಹೇಳಹೊರಟೆ. "ನನ್ನ ಸ್ನೇಹಿತೆಯರ ಮುಂದೆ ನನ್ನ ಮರ್ಯಾದೆ ಕಳೀಬೇಡ" ಎಂದು ನಾನು ನಿನ್ನ ಬಾಯಿ ಮುಚ್ಚಿಸಿದೆ. ನಿನಗೆ ಇದು ಅಕ್ಷರ ಅಕ್ಷರ ನೆನಪಿದೆ ಎಂದು ನನಗೆ ಗೊತ್ತು. ನಾನು ನೊಂದುಕೊಳ್ಳುತ್ತೇನೆ ಎಂದು ಬಚ್ಚಿಟ್ಟೆ. ಆ ದಯೆ ನನಗೆ ಬೇಡ ಕಂದಾ. ಮುಪ್ಪಿನವರು ಎಂದು ಮೆತ್ತಗೆ ಕೂರಿಸಿದ್ದರಿಂದಲೇ ಇಷ್ಟೆಲ್ಲ ಆದದ್ದು.

ಯಾಕೆ ಕೇಳಲಿಲ್ಲ ಎಂದಿದ್ದೀಯ. ನಿಮ್ಮ ಮೇಷ್ಟ್ರ ಕೆಂಪು ಗೆರೆಗೆ ನಾನು ಹೆದರಿದವಳಲ್ಲ. ಆ ಕಂಪ್ಯೂಟರನ್ನು ಹೊಂದಿಸಿದವಳು ನೀನು ಎಂದು ನಂಬಿದೆ. ಬೇರೆ ಯಾರದೋ ಯಂತ್ರವಾಗಿದ್ದರೆ ಜಗಳವಾಡದೆ ಬರುತ್ತಿರಲಿಲ್ಲ. ಮನೆಗೆ ಬಂದು ಶೆಡ್ಡಿನಲ್ಲಿ ಕಾರಿನೊಳಗೆ ಕೂತೆ. ಬ್ರೇಕಿನ ಮೇಲಿಟ್ಟ ಕಾಲು ನನ್ನದಲ್ಲ ಅನ್ನಿಸಿತು. ಆಮೇಲೆ ಏನಾಯಿತು ಗೊತ್ತೇ, ನಿಜವಾಗಿಯೂ ನಿಧಾನವಾದೆ. ರಸ್ತೆ ದಾಟುವಾಗ ಖಾಲಿ ರಸ್ತೆ ನೋಡಿಕೊಂಡು ನಿಂತುಬಿಡುತ್ತಿದ್ದೆ, ನರ್ಸಮ್ಮ ಕೈಹಿಡಿದು ಎಳೆಯಬೇಕಾಗಿತ್ತು. ಟೈಲರಮ್ಮ ಹೊಲಿಗೆ ಮೆಷಿನ್ನಿಗೆ ಬಟ್ಟೆ ಮುಚ್ಚಿಟ್ಟಿದ್ದಳು, ಸೂಜಿಗೆ ಬೆರಳು ಸಿಕ್ಕೀತೆಂದು. ಸೊಸೆಗೆ ಹೇಳಲು ನಾಚಿಕೆಯಾಗಿ ಸೊಂಟನೋವು ಅಂದಿದ್ದಳಂತೆ. ನಿನ್ನೆ ಸಂಜೆ ನಾನು ಪತ್ರ ಓದಿ ಹೇಳಿದ ಮೇಲೆ ಅವಳು ಮೊದಲು ಮೆಷಿನ್ನಿನ ಮೇಲಿನ ಆ ಬಟ್ಟೆಯನ್ನು ಕಿತ್ತೆಸೆದಳು. ಆಮೇಲೆ ನಿಮ್ಮ ಮೇಷ್ಟ್ರನ್ನು ಬೈದ ಮಾತುಗಳನ್ನು ನಾನು ಇಲ್ಲಿ ಬರೆಯಲಾರೆ.

ಇನ್ನು ಅಂಕಿಗಳನ್ನು ವಾಪಸು ಪಡೆಯುವ ಮಾತು. ಅದು ಆಗುವುದಿಲ್ಲ. ನಾವು ವಾಪಸು ಪಡೆದರೆ, ಫಲಿತಾಂಶಕ್ಕೆ ಹೆದರಿ ಮುದುಕಿಯರು ಓಡಿಹೋದರು ಎಂದಾಗುತ್ತದೆ. ಅವರು ಇನ್ನೊಂದಿಷ್ಟು ಮುದುಕಿಯರನ್ನು ಹುಡುಕಿ ತಂದು ಅದೇ ಸೋಫಾದ ಮೇಲೆ ಕೂರಿಸುತ್ತಾರೆ. ಮತ್ತೆ ಪರೀಕ್ಷೆ ಆಗಲಿ. ಅದೇ ಕತ್ತಲೆ ಕೋಣೆ, ಅದೇ ಸ್ಟೂಲು, ನಿನ್ನ ಆ ಗುಂಡಿಯಂಥ ಸೆನ್ಸರನ್ನು ನಮ್ಮ ಕಣ್ಣೆದುರೇ ಅಂಟಿಸಿ ತೋರಿಸು.

ಕಣ್ಣಿಗೂ ಕೈಗೂ ಏನೂ ಆಗಿಲ್ಲ ಎಂದು ಪತ್ರದ ಶುರುವಿನಲ್ಲೇ ಬರೆದಿದ್ದೀಯಲ್ಲ, ಅದು ನಿನಗೆ ಹೇಗೆ ಗೊತ್ತು? ಅಳತೆಯೇ ಕೆಟ್ಟದ್ದು ಎಂದ ಮೇಲೆ ಕೆಟ್ಟಿದೆ ಎನ್ನಲೂ ಆಗುವುದಿಲ್ಲ, ಚೆನ್ನಾಗಿದೆ ಎನ್ನಲೂ ಆಗುವುದಿಲ್ಲ. ಮೇಷ್ಟ್ರು ತಮಗೆ ಬೇಕಾದದ್ದನ್ನು ನಂಬಿದರು, ನೀನು ನಿನಗೆ ಬೇಕಾದದ್ದನ್ನು ನಂಬುತ್ತಿದ್ದೀಯ. ನನಗೆ ನಿಜ ಬೇಕು. ಸರಿಯಾದ ಪರದೆಯ ಮುಂದೆಯೂ ನಾನು ತಡವೆಂದಾದರೆ ಕಾರನ್ನು ನಾನೇ ಮಾರುತ್ತೇನೆ, ನಿನ್ನ ಹತ್ತಿರ ಅಳುವುದಿಲ್ಲ. ತಡವಿಲ್ಲ ಎಂದಾದರೆ ಶುಕ್ರವಾರ ಸಮಿತಿಯ ಮುಂದೆ ನಾನೇ ಹೋಗಿ ನಿಲ್ಲುತ್ತೇನೆ. ಸಣ್ಣಕ್ಷರದಲ್ಲಿ ಬರೆಯುವುದನ್ನು ದೊಡ್ಡ ದನಿಯಲ್ಲಿ ಹೇಳಿ ಬರುತ್ತೇನೆ.

ನಿನ್ನ
ಅಮ್ಮ

ತಾ.ಕ.: ಲಕೋಟೆಗೆ ಸ್ಟಾಂಪಿಲ್ಲ ಎಂದು ಹುಬ್ಬೇರಿಸಬೇಡ. ನಾವು ನಿಮ್ಮ ಗೇಟಿನಲ್ಲೇ ಇದ್ದೇವೆ. ರಜೆಯಲ್ಲಿರುವವರನ್ನು ನೋಡಲು ಒಳಗೆ ಬಿಡುವುದಿಲ್ಲ ಎಂದು ವಾಚ್‌ಮನ್ ಹಟ ಹಿಡಿದಿದ್ದಾನೆ, ಅದಕ್ಕೇ ಈ ಪತ್ರವನ್ನು ಅವನ ಕೈಯಲ್ಲೇ ಮೇಲೆ ಕಳಿಸುತ್ತಿದ್ದೇನೆ. ನರ್ಸಮ್ಮ, ಟೈಲರಮ್ಮ ನನ್ನ ಜೊತೆ ಕಾರಿನಲ್ಲಿ ಬಂದರು, ಉಳಿದವರು ಬಸ್ಸಿನಲ್ಲಿ ಬರುತ್ತಿದ್ದಾರೆ. ಓಡಿಸಿದ್ದು ನಾನೇ. ಪಕ್ಕದಲ್ಲಿ, ಕಲಿಸುವವರು ಕೂರುವ ಸೀಟಿನಲ್ಲಿ, ನಿನ್ನ ಅಣ್ಣ ಕೂತಿದ್ದ. ಅಲ್ಲೂ ಒಂದು ಬ್ರೇಕ್ ಇದೆಯಲ್ಲ, ದಾರಿಯುದ್ದಕ್ಕೂ ಅದರ ಮೇಲೆ ಕಾಲಿಟ್ಟುಕೊಂಡೇ ಬಂದ. ಒಂದು ಸಲವೂ ಒತ್ತಲಿಲ್ಲ.